ಗಿರಾಕಿ ಎಲ್ಲಿ ಹೋದ?

ಬೆಲೆ ಏರಿದರೆ ಗಿರಾಕಿ ಕಮ್ಮಿ ಆಗ್ತಾನೆ, ಇದು ನಮ್ಮ ಕಾಮರ್ಸ್ ಪಾಠ. ಅವನು ಎಲ್ಲಿ ಹೋದ ಅಂತ ಯಾರೂ ಕೇಳೋದಿಲ್ಲ. 1943ರ ಬಂಗಾಳದ ಕ್ಷಾಮ ನೋಡಿರಿ. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು. ಅಲ್ಲಿಯ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಸರಕಾರ ಕರಾವಳಿಯ ದೋಣಿಗಳನ್ನೂ ಕಸಿದುಕೊಂಡಿತು. ಮೀನುಗಾರ ಏನು ತಿನ್ನಬೇಕು? ಡಿಸೆಂಬರದಲ್ಲಿ ಮಣಕ್ಕೆ 13-14 ರೂಪಾಯಿ ಇದ್ದ ಅಕ್ಕಿ ಮುಂದಿನ ಆಗಸ್ಟಿಗೆ 37 ಆಯಿತು. ಕೂಲಿ ಅಷ್ಟು ಏರಲಿಲ್ಲ. ಅಮರ್ತ್ಯ ಸೇನರ 1981ರ ಪುಸ್ತಕದ ಲೆಕ್ಕದಂತೆ, 1941ಕ್ಕಿಂತ ಆ ವರ್ಷ ಅಕ್ಕಿ ಕಮ್ಮಿಯೇನೂ ಇರಲಿಲ್ಲ! ಕಲಕತ್ತೆಯ ಕಾರಖಾನೆಯವರಿಗೆ ಸೋವಿ ದರದಲ್ಲಿ ಸಿಕ್ಕಿತು, ಹಳ್ಳಿಯ ಕೂಲಿಯವನಿಗಿಲ್ಲ. ಸತ್ತವರು 20ರಿಂದ 30 ಲಕ್ಷ. ಬರೇ ಹಸಿವಿನಿಂದಲ್ಲ, ಸೊರಗಿದ ಮೈಗೆ ಮಲೇರಿಯಾ, ಕಾಲರಾ, ಸಿಡುಬು ಅಂಟಿದವು. ಒಳ್ಳೇ ಬೆಳೆ ಬಂದ ಮೇಲೂ, 1944ರಲ್ಲಿ, ಜನ ಸಾಯುತ್ತಲೇ ಇದ್ದರು.