ಎಫ್‌ಬಿಐಗೂ ಅರ್ಥವಾಗದ ಹಾಡು

ಒಂದು ಹಾಡಿನ ಸಾಹಿತ್ಯ ಸರಿಯಾಗಿ ಕೇಳಿಸ್ಲಿಲ್ಲ ಅಂತ
ಎಫ್‌ಬಿಐ ತನಿಖೆಗೆ ಇಳಿದಿತ್ತು ಅಂದ್ರೆ ನಂಬ್ತೀರಾ?

1963, ಏಪ್ರಿಲ್.
ಅಮೆರಿಕದ ಪೋರ್ಟ್‌ಲ್ಯಾಂಡ್.
ದಿ ಕಿಂಗ್ಸ್‌ಮೆನ್ ಅನ್ನೋ ಹುಡುಗರ ಬ್ಯಾಂಡ್
ಸುಮಾರು 50 ಡಾಲರ್‌ಗೆ ಸ್ಟುಡಿಯೋ ಹಿಡೀತು.
ಹಾಡು, ರಿಚರ್ಡ್ ಬೆರಿ ಬರೆದ ‘ಲೂಯಿ ಲೂಯಿ’.

ಮೈಕ್ ಎಲ್ಲೋ ಮೇಲೆ ನೇತಾಡ್ತಿದೆ.
ಗಾಯಕ ಜ್ಯಾಕ್ ಈಲಿಗೆ ಇನ್ನೂ 19.
ಕತ್ತು ಚಾಚಿ, ವಾದ್ಯಗಳ ಗದ್ದಲದ ಮೇಲೆ
ಕೂಗಿ ಕೂಗಿ ಹಾಡ್ದ.
ಗಿಟಾರ್ ಸೋಲೋ ಮುಗೀತು.
ಈಲಿ ಸಾಲನ್ನ ಬೇಗ ಎತ್ಕೊಂಡ,
ತಕ್ಷಣ ನಿಲ್ಲಿಸ್ದ.
ಯಕ್ಷಗಾನದಲ್ಲಿ ಭಾಗವತರು ಪದ ಮೊದಲೇ ಎತ್ಕೊಂಡ್ರೆ
ಮದ್ದಳೆಯವರು ಸಂಭಾಳಿಸ್ತಾರಲ್ಲ,
ಹಾಗೇ ಡ್ರಮ್ಮರ್ ಆ ಖಾಲಿ ಜಾಗ ತುಂಬಿಬಿಟ್ಟ.
ತಪ್ಪು ಹಾಗೇ ಉಳೀತು.
ಆ ಹಾಡಿನ ಜೀವ ಇರೋದೇ ಅಲ್ಲಿ!

ಬಿಲ್‌ಬೋರ್ಡ್‌ನ ಹಾಡುಗಳ ಪಟ್ಟೀಲಿ 2ನೇ ಸ್ಥಾನ.
ಆದ್ರೆ ಮಾತು ಅಸ್ಪಷ್ಟ.
ಅಶ್ಲೀಲವೇ ಇರ್ಬೇಕು ಅಂತ ಪೋಷಕರ ದೂರು.
ಎಫ್‌ಬಿಐ ಬೇರೆ ಬೇರೆ ಸ್ಪೀಡ್‌ನಲ್ಲಿ ಕೇಳ್ತು.
ಕೊನೆಗೆ ಕೈಚೆಲ್ತು: ಏನೂ ಅರ್ಥವಾಗ್ತಿಲ್ಲ.

ಹುಡುಗರಿಗೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು.
ಗಿಟಾರ್‌ನಲ್ಲಿ ಮೂರು ಕಾರ್ಡ್ ಬಂದ್ರೆ ಸಾಕು,
ನಾವೂ ನುಡಿಸಬಹುದು!

ಮಿಶಿಗನ್‌ನಲ್ಲಿ ಇಗ್ವಾನಾಸ್ ಅನ್ನೋ ಸ್ಕೂಲ್ ಬ್ಯಾಂಡ್.
ಅದರ ಡ್ರಮ್ಮರ್ ಹುಡುಗನೇ ಮುಂದೆ ಪಂಕ್ ರಾಕ್ ಗಾಯಕ ಇಗ್ಗಿ ಪಾಪ್ ಆದ.
1972ರಲ್ಲಿ ಗಿಟಾರಿಸ್ಟ್ ಲೆನ್ನಿ ಕೇ
ಇಂಥ ಬ್ಯಾಂಡ್‌ಗಳ ಹಾಡು ಆಯ್ದು
‘ನಗೆಟ್ಸ್’ ಆಲ್ಬಂ ಮಾಡ್ದ.
ಪಂಕ್ ಪೀಳಿಗೆ ಅದನ್ನ ಕೇಳಿ ಬೆಳೀತು.

ಟಕೋಮಾ ಊರಿನ ದಿ ಸಾನಿಕ್ಸ್ ಕೂಡ ಇಂಥದ್ದೇ ಬ್ಯಾಂಡ್.
ಅವರ ಡ್ರಮ್ಸ್ ಸದ್ದನ್ನ
ನಿರ್ವಾನಾ ಬ್ಯಾಂಡಿನ ಕರ್ಟ್ ಕೊಬೇನ್ ಬಾಯ್ತುಂಬ ಹೊಗಳಿದ್ದ.

ಇವತ್ತೇ ಹೆಡ್‌ಫೋನ್ ಹಾಕಿ,
ಸಾನಿಕ್ಸ್‌ನ ‘ಸೈಕೋ’ ಜೋರಾಗಿ ಕೇಳಿ.
ಡ್ರಮ್ಸ್ ಹೇಗನ್ನಿಸ್ತು,
ಕಾಮೆಂಟ್‌ನಲ್ಲಿ ಹೇಳಿ.