ಸಾಧುಗಳ ಕಮಂಡಲದ ಕಾಯಿಗೆ ಅಷ್ಟೊಂದು ಬೆಲೆ ಯಾಕೆ?

ಹುಬ್ಬಳ್ಳಿ ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಗೆ ಬರುವ ಸಾಧುಗಳಲ್ಲಿ ಒಬ್ಬಿಬ್ಬರ ಕೈಯಲ್ಲಿ ಕರ್ರಗೆ ಮಿಂಚುವ ಕಮಂಡಲ ಇರುತ್ತದೆ. ಹಿತ್ತಾಳೆಯದಲ್ಲ, ಸೋರೆ ಬುರುಡೆಯದೂ ಅಲ್ಲ. ಉರುಸಿನಲ್ಲಿ ಕೆಲವು ಫಕೀರರು ಸರಪಳಿ ಕಟ್ಟಿ ಹಿಡಿಯುವ ದೋಣಿಯಂಥ ಭಿಕ್ಷಾಪಾತ್ರೆಯೂ ಅದೇ ಜಾತಿಯದು. ಎರಡೂ ಒಂದೇ ಕಾಯಿಯ ಕರಟ. ಗಿಡಮೂಲಿಕೆ ಅಂಗಡಿಯಲ್ಲಿ ಇದರ ಕೊಬ್ಬರಿ ಚೂರನ್ನು 'ದರಿಯಾಯಿ ನಾರಿಯಲ್' ಎಂದು ಮಾರುತ್ತಾರೆ. ದರಿಯಾ ಅಂದರೆ ಸಮುದ್ರ. ಕಲ್ಲಿನಂಥ ಗಟ್ಟಿ, ತೇದೇ ಕೊಡಬೇಕು. ಇಡೀ ಕಾಯಿ ಆದರೆ ಪರದೇಶದ ಸಂಗ್ರಹಕಾರರು ನೂರಾರು ಡಾಲರ್ ಎಣಿಸುತ್ತಾರೆ.

ನಮ್ಮದು ಹುಬ್ಬಳ್ಳಿ ತಾಲೂಕಿನ ಎರೆಹೊಲ. ಹೆಸರು, ಹತ್ತಿ, ಕಡಲೆ, ಬಿಳಿಜೋಳ ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ. ಇಂಥ ನನಗೆ ಈ ಕಾಯಿಯ ಉಸಾಬರಿ ಯಾಕೆ ಬಂತೆಂದರೆ, ಎರಡು ವರ್ಷದ ಹಿಂದೆ ಒಬ್ಬಾತ ನಮ್ಮೂರಿಗೆ ಬಂದು ಇದರ ಸಸಿ ಕೊಡುತ್ತೇನೆ, ಮುಂಗಡ ಕಟ್ಟಿರಿ ಎಂದ. ಎಕರೆಗೆ ಇಷ್ಟು ಗಿಡ, ಗಿಡಕ್ಕೆ ಇಷ್ಟು ಕಾಯಿ ಎಂದು ಗುಣಿಸಿ ಲಕ್ಷದ ಲೆಕ್ಕ ತೋರಿಸಿದ. ಕಾಯಿಗೆ ಬೆಲೆ ಇರುವುದು ಖರೆ. ಆದರೆ ಆ ಬೆಲೆ ಎಲ್ಲಿಂದ ಬಂತು ಎಂದು ಕೆದಕಿ ನೋಡಿದೆ. ತಿಳಿದಷ್ಟು ಬರೆಯುತ್ತೇನೆ.

ಈ ಗಿಡ ತಾನಾಗಿ ಬೆಳೆಯುವುದು ಲೋಕದಲ್ಲಿ ಒಂದೇ ಕಡೆ. ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದ ಪ್ರಾಸ್ಲಿನ್, ಕ್ಯೂರಿಯಸ್ ಎಂಬ ಎರಡು ನಡುಗಡ್ಡೆಗಳಲ್ಲಿ. ತಾಳೆಯ ಬಳಗದ ಮರ. ಎರಡು ತೆಂಗಿನಕಾಯಿ ಅಂಟಿಸಿದ ಹಾಗೆ ಬೀಜ ಜೋಡಿ. ಸಸ್ಯಲೋಕದಲ್ಲೇ ಇದಕ್ಕಿಂತ ದೊಡ್ಡ ಬೀಜ ಇಲ್ಲ. ಸಿಪ್ಪೆ ಸಮೇತ ಕಾಯಿ 15ರಿಂದ 30 ಕಿಲೋ ತೂಗುತ್ತದೆ.

ಬಲಿತ ಹಸಿ ಬೀಜ ನೀರಿನಲ್ಲಿ ತೇಲುವುದಿಲ್ಲ, ಮುಳುಗುತ್ತದೆ. ಒಳಗೆ ಕೊಳೆತು ಟೊಳ್ಳಾದದ್ದು ಮಾತ್ರ ತೇಲಿಕೊಂಡು ಮಾಲ್ಡೀವ್ಸಿಗೆ, ನಮ್ಮ ದೇಶದ ದಂಡೆಗೆ ಬರುತ್ತಿತ್ತು. ಬಂದದ್ದು ಎಲ್ಲಾ ಸತ್ತ ಬೀಜ, ಹುಗಿದರೆ ಹುಟ್ಟುವುದಿಲ್ಲ. ಗಿಡ ಕಂಡವರಿಲ್ಲ. ಹೀಗಾಗಿ ಸಮುದ್ರದ ತಳದಲ್ಲಿ ಮರ ಇದೆ, ಅದರ ಮೇಲೆ ಗರುಡ ಕೂಡುತ್ತಾನೆ ಎಂದು ಮಲಯದ ಕಡೆ ಕಥೆ ಹುಟ್ಟಿತು. ಮಾಲ್ಡೀವ್ಸಿನಲ್ಲಿ ದಂಡೆಗೆ ಬಿದ್ದ ಕಾಯಿ ರಾಜನ ಸ್ವತ್ತು, ಬಚ್ಚಿಟ್ಟವನಿಗೆ ಶಿಕ್ಷೆ. ನಮ್ಮ ಪಕ್ಕದ ಗೋವೆಯಲ್ಲಿ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ 1563ರಲ್ಲಿ ಅಚ್ಚು ಹಾಕಿಸಿದ ಔಷಧಿ ಪುಸ್ತಕದಲ್ಲೂ ಈ ಕಾಯಿಯ ಮಾತು ಇದೆ. ಇದರ ಬಟ್ಟಲಿನಲ್ಲಿ ಕುಡಿದರೆ ವಿಷ ಏರುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ವಿಷದ ಅಂಜಿಕೆ ಬಡವನಿಗೆ ಎಲ್ಲಿ, ರಾಜರಿಗೇ ಅಲ್ಲವೇ! ಯುರೋಪಿನ ಚಕ್ರವರ್ತಿ ಎರಡನೆಯ ರುಡಾಲ್ಫ್ ಒಂದು ಕಾಯಿಗೆ ಬೆಳ್ಳಿ ಕಟ್ಟಿಸಿ ಹೂಜಿ ಮಾಡಿಸಿದ. 1602ರ ಆ ಹೂಜಿ ಈಗಲೂ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಕಾಯಿಯ ಆಕಾರ ಹೆಂಗಸಿನ ನಡುವಿನ ಹಾಗಿರುವುದರಿಂದ ಸಂತಾನದ ಔಷಧಿ ಎಂಬ ಮಾತೂ ಸೇರಿಕೊಂಡಿತು.

ಮುಂದಿನದು ನಾವು ರೈತರು ಗಮನಿಸಬೇಕಾದದ್ದು. 1768ರಲ್ಲಿ ಫ್ರೆಂಚರು ಪ್ರಾಸ್ಲಿನ್‌ನಲ್ಲಿ ಮರವನ್ನೇ ಕಂಡರು. ಒಂದೆರಡು ವರ್ಷದಲ್ಲಿ ಹಡಗು ತುಂಬಿ ತಂದು ನಮ್ಮ ದೇಶದ ಪೇಟೆಯಲ್ಲಿ ಸುರಿದರು. ಧಾರಣಿ ದಪ್ಪಂತ ಬಿತ್ತು. ಕಾಯಿ ಅದೇ, ಔಷಧಿ ಗುಣ ಇದ್ದರೆ ಅದೂ ಅಷ್ಟೇ. ಬದಲಾದದ್ದು ಒಂದೇ, ಎಲ್ಲಿ ಸಿಗುತ್ತದೆ ಎಂದು ಗೊತ್ತಾಯಿತು. 2003ರ ಸುಮಾರಿಗೆ ಮಲೆನಾಡಿನ ನಮ್ಮ ಬಂಧುಗಳು ವೆನಿಲ್ಲಾದ ಏರು ಕಂಡರು, ಎರಡು ವರ್ಷದೊಳಗೆ ಇಳಿತವನ್ನೂ ಕಂಡರು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಬೆಲೆ ಮತ್ತೆ ಹೇಗೆ ಏರಿತು? ಒಂದು, ಬೆಂಕಿ ಮತ್ತು ಕೊಡಲಿಗೆ ಸಿಕ್ಕು ಮರ ಕಡಿಮೆಯಾದವು. ಎರಡನೆಯದು ಸರಕಾರದ ಬಿಗಿ. 1978ರಲ್ಲಿ ಸೇಶೆಲ್ಸ್ ಇದಕ್ಕೇ ಪ್ರತ್ಯೇಕ ಕಾನೂನು ಮಾಡಿತು. ಪ್ರಾಸ್ಲಿನ್‌ನ ವ್ಯಾಲಿ ದ ಮೇ ಕಾಡು 1983ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಮಾರುವ ಕಾಯಿಗೆ ನಂಬರು, ಜೊತೆಗೆ ಪರವಾನಗಿ ಕಾಗದ. 2010ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲೂ ಸೇರಿದೆ. ಸಂಗ್ರಹಕಾರ ಮೊದಲು ನೋಡುವುದು ಆ ನಂಬರನ್ನು, ಕಾಗದವನ್ನು. ಆಮೇಲೆ ಆಕಾರ, ಹೊಳಪು. ಕಾಗದ ಇಲ್ಲದ ಕಾಯಿ ಕಳವಿನ ಮಾಲು. ತಿರುಳಿಗಾಗಿ ಅಲ್ಲಿ ಕಳ್ಳತನವೂ ಜೋರಾಗಿದೆ.

ಮೂರನೆಯದೇ ದೊಡ್ಡ ಕಾರಣ, ಮರದ ನಿಧಾನ. ಹುಗಿದ ಬೀಜ ಮೊಳೆತು ಎಲೆ ತೋರಿಸಲು ಎರಡು ವರ್ಷದ ಹತ್ತಿರ. ಹೂವಿಗೆ ಸಾಮಾನ್ಯವಾಗಿ 25 ವರ್ಷ, ಮೇಲೂ ಆದೀತು. ಕಾಯಿ ಬಲಿಯಲು ಇನ್ನೂ 6–7 ವರ್ಷ. ಒಟ್ಟು ಕೂಡಿಸಿರಿ, 33–34 ವರ್ಷ ಆಯಿತು. ನಾನು ಐವತ್ತು ದಾಟಿದವ. ಇಷ್ಟಕ್ಕೇ ಮುಗಿಯಲಿಲ್ಲ. ತೆಂಗಿನ ಹಾಗೆ ಒಂದೇ ಮರದಲ್ಲಿ ಎರಡೂ ಹೂ ಇಲ್ಲ, ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಯಾವುದು ಏನೆಂದು ಹೂ ಬಿಟ್ಟಾಗಲೇ ಗೊತ್ತು. ಕೋಲ್ಕತ್ತ ಪಕ್ಕದ ಹೌರಾ ಸಸ್ಯೋದ್ಯಾನದಲ್ಲಿ 1894ರಲ್ಲಿ ನೆಟ್ಟ ಒಂದು ಮರ ಇದೆ. ಹೂ ಬಿಡಲು ನೂರರ ಹತ್ತಿರ ವರ್ಷ ತಗೊಂಡಿತು. ಬಿಟ್ಟಾಗ ಹೆಣ್ಣು ಎಂದು ತಿಳಿಯಿತು, ಪಕ್ಕದಲ್ಲಿ ಗಂಡು ಇಲ್ಲ. ಪರದೇಶದಿಂದ ಪರಾಗ ತರಿಸಿ ಕೈಯಿಂದ ಹಾಕಿದ ಮೇಲೆ ಕಾಯಿ ಕಚ್ಚಿತು.

ಬೀಜ ಇಷ್ಟು ದೊಡ್ಡದಾಗಿರಲು ಕಾರಣವೂ ಚಲೋ ಇದೆ. ಅಲ್ಲಿಯ ಮಣ್ಣು ಬಡವು, ರಂಜಕ ಬಹಳ ಕಡಿಮೆ. ಕಾಯಿ ಭಾರ, ತಾಯಿಯ ಬುಡಕ್ಕೇ ಬೀಳುತ್ತದೆ. ಆ ಕತ್ತಲೆ ನೆರಳಿನಲ್ಲಿ ಸಸಿ ವರ್ಷಗಟ್ಟಲೆ ಬದುಕಬೇಕೆಂದರೆ ಬುತ್ತಿ ದೊಡ್ಡದೇ ಬೇಕು. ಮೊಳಕೆ ಹಗ್ಗದ ಹಾಗೆ ಮಣ್ಣೊಳಗೆ ಕೆಲವು ಮೀಟರು ದೂರ ಹರಿದು ಅಲ್ಲಿ ಮೇಲೆ ಏಳುತ್ತದೆ. ಬುತ್ತಿಗೆ ಗೊಬ್ಬರ ಎಲ್ಲಿಂದ? ಅದರ ದೊಡ್ಡ ಬೀಸಣಿಕೆ ಎಲೆ, ಎಲೆಯ ತೊಟ್ಟು ಎರಡೂ ಹರನಾಳಿಗೆಯ ಹಾಗಿವೆ. ಮಳೆ ಬಿದ್ದರೆ ಹಕ್ಕಿ ಹಿಕ್ಕೆ, ಉದುರಿದ ಪರಾಗ, ಕಸ ಎಲ್ಲಾ ತೊಳೆದು ಸೀದಾ ಬುಡಕ್ಕೆ ತರುತ್ತದೆ. ವಿಜ್ಞಾನಿಗಳು ಅಳೆದು 2015ರಲ್ಲಿ ಪ್ರಕಟಿಸಿದರು: ಬುಡದ ಮಣ್ಣಿನಲ್ಲಿ ಸಾರಜನಕ, ರಂಜಕ ಎರಡೂ ಸ್ವಲ್ಪ ಆಚೆಯ ಮಣ್ಣಿಗಿಂತ ಹೆಚ್ಚು. ಒಣಗುವ ಎಲೆಯಿಂದಲೂ ರಂಜಕವನ್ನು ಬಹುಪಾಲು ವಾಪಸು ಹೀರಿಕೊಳ್ಳುತ್ತದೆ. ನಾವು ಒಡ್ಡು ಹಾಕಿ ನೀರು ನಿಲ್ಲಿಸುತ್ತೇವೆ, ಡಿಎಪಿ ಚೀಲ ಹೊರುತ್ತೇವೆ. ಈ ಮರ ಎರಡೂ ಕೆಲಸ ಎಲೆಯಲ್ಲೇ ಮುಗಿಸುತ್ತದೆ ನೋಡ್ರಿ.

ಅಲ್ಲಿ ವರ್ಷವಿಡೀ ಸೆಕೆ, ತೇವ. ನಮ್ಮ ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಬೇರು ಹರಿಯುತ್ತದೆ. ಮುಂಗಡ ಕೇಳಿದಾತನಿಗೆ ನಾನು ಎರಡೇ ಮಾತು ಕೇಳಿದೆ: ಬೀಜ ತಂದ ಪರವಾನಗಿ ತೋರಿಸು, ಹೆಣ್ಣು ಸಸಿ ಎಷ್ಟು ಹೇಳು. ನಾಳೆ ತರುತ್ತೇನೆ ಎಂದು ಹೋದ. ನಮ್ಮೂರಲ್ಲಿ ಯಾರೂ ರೊಕ್ಕ ಕಟ್ಟಲಿಲ್ಲ. ಅಂಗಡಿಯ ತಿರುಳಿನ ಚೂರಾಗಲಿ, ಕೊರೆದು ಪಾಲಿಶ್ ಮಾಡಿದ ಕಾಯಿಯಾಗಲಿ ಹುಗಿದರೆ ಮೊಳೆಯುವುದಿಲ್ಲ ಎಂಬುದೂ ನೆನಪಿರಲಿ.

ಕೆಲವು ಹಳೆ ಮನೆ, ಮಠಗಳಲ್ಲಿ ಈ ಕರಟದ ಕಮಂಡಲ ಮೂಲೆಗೆ ಬಿದ್ದಿರಬಹುದು. ಗುಜರಿಗೆ ಹಾಕಬೇಡಿರಿ. ಕೆತ್ತನೆ ಇದ್ದದ್ದು, ಕೈಯಾಡಿ ನುಣುಪಾದದ್ದು ಆದರೆ ಹಳೆ ವಸ್ತುವಿನ ಬೆಲೆಯೇ ಬೇರೆ. ಮಾರುವ ವಿಚಾರ ಇದ್ದರೆ ಒಂದು ಮಾತು: ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾನೂನು ಬಿಡುವುದಿಲ್ಲ.