ಮೂರಂಗುಲದ ಕಿಲಾರಿ ಎತ್ತಿಗೆ ಬಣ್ಣ

ಕಾರಹುಣ್ಣಿಮೆಯ ದಿನ ಜೀವಂತ ಎತ್ತಿನ ಕೋಡಿಗೆ ಹುರಮಂಜು ಹಚ್ಚಿ ಮೆರೆಸುವ ರೈತ, ಹದಿನೈದು ದಿನ ಕಳೆಯುತ್ತಲೇ ಅದೇ ಎತ್ತನ್ನು ಅಂಗೈಯಗಲದ ಮಣ್ಣಿನಲ್ಲಿ ಮಾಡಿ ಪೂಜಿಸುತ್ತಾನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಮಳೆಗಾಲವೆಂದರೆ ಮಣ್ಣಿನ ಮೂರ್ತಿಗಳ ಕಾಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ. ಸಣ್ಣ ಮೂರ್ತಿಗೆ ಬಣ್ಣ ಹಚ್ಚುವ ವಿದ್ಯೆ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಆದರೆ ಅಚ್ಚಿನಲ್ಲಿ ಎರೆದು, ಎಣ್ಣೆಬಣ್ಣ ಸಿಂಪಡಿಸಿದ ಪ್ಲಾಸ್ಟರ್ ಎತ್ತುಗಳು ಸಂತೆಗೆ ಬಂದ ಮೇಲೆ ಮನೆಯ ಮಕ್ಕಳ ಕೈಗೆ ಕುಂಚ ಬರುವ ಸಂದರ್ಭವೇ ತಪ್ಪಿಹೋಗುತ್ತಿದೆ. ಕೊಂಡು ತಂದ ಎತ್ತಿಗೆ ಪೂಜೆ ಸಲ್ಲುತ್ತದೆ, ನಿಜ. ಎತ್ತನ್ನು ನೋಡುವ ಕಣ್ಣು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಪಶ್ಚಿಮದ ದೇಶಗಳಲ್ಲಿ ಇದೊಂದು ದೊಡ್ಡ ಹವ್ಯಾಸ. ಲಂಡನ್ನಿನ ವಿಲಿಯಂ ಬ್ರಿಟನ್ ಎಂಬ ಆಟಿಕೆ ತಯಾರಕ ೧೮೯೩ರಲ್ಲಿ ಒಳಟೊಳ್ಳಾದ ಸೀಸದ ಸಿಪಾಯಿಗಳನ್ನು ಎರೆಯುವ ಉಪಾಯ ಕಂಡುಹಿಡಿದ ಮೇಲೆ ಆ ಗೊಂಬೆಗಳು ಅಗ್ಗವಾದವು. ಕಾದಂಬರಿಕಾರ ಎಚ್.ಜಿ. ವೆಲ್ಸ್ ೧೯೧೩ರಲ್ಲಿ ಅವುಗಳ ಯುದ್ಧದಾಟಕ್ಕೆಂದೇ ಒಂದು ಪುಸ್ತಕ ಬರೆದ. ಇಂದು ಒಂದಂಗುಲದಷ್ಟೇ ಎತ್ತರದ ಸಿಪಾಯಿಯ ಅಂಗಿಯ ಗುಂಡಿಗೂ ಬಣ್ಣ ಹಚ್ಚುವವರಿದ್ದಾರೆ. ಅವರು ಹೇಳುವ ಕ್ರಮವನ್ನು ನಮ್ಮ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಕ್ರಮದ ಪಕ್ಕದಲ್ಲಿಟ್ಟು ನೋಡಿದರೆ ಸೋಜಿಗವೆನಿಸುತ್ತದೆ: ಎರಡೂ ಹೆಚ್ಚುಕಡಿಮೆ ಒಂದೇ. ಹಗುರ ಮರದಲ್ಲಿ ಗೊಂಬೆ ಕೆತ್ತುವ ಕಿನ್ನಾಳದವರು ಹುಣಸೆಬೀಜದ ಅಂಟಿನಲ್ಲಿ ಅರಿವೆ ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಅದು ಒಣಗಿದ ಮೇಲೆಯೇ ಬಣ್ಣಕ್ಕೆ ಕೈಹಾಕುತ್ತಾರೆ. ಬರಿಯ ಮೈಮೇಲೆ ಬಣ್ಣ ನಿಲ್ಲದು ಎಂಬುದು ಇಬ್ಬರೂ ಅರಿತ ಮೊದಲ ಪಾಠ.

ನಮ್ಮ ಎತ್ತಿನ ವಿಷಯದಲ್ಲಿ ಈ ಪಾಠ ಇನ್ನೂ ಮುಖ್ಯ. ಕೃಷ್ಣಾ, ಘಟಪ್ರಭೆಯರ ಬಯಲಿನ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದೂ, ಎತ್ತಿನ ಕಾಲು ಮುರಿದು ಬೀಳುವುದೂ ಇದೇ ಕಾರಣದಿಂದ. ಆದ್ದರಿಂದ ಮಣ್ಣನ್ನು ಜರಡಿ ಹಿಡಿದು, ಸ್ವಲ್ಪ ಬೂದಿ, ಹಿಂಜಿದ ಹತ್ತಿ ಬೆರೆಸಿ ನಾದಬೇಕು. ಮೂರ್ತಿಯನ್ನು ಬಿಸಿಲಿಗಿಡದೆ ನೆರಳಲ್ಲಿ ನಾಲ್ಕೈದು ದಿನ ಒಣಗಿಸಬೇಕು. ಹೊರಗಿನ ಪದರ ಬೇಗ ಒಣಗಿ ಒಳಗು ಹಸಿಯಾಗಿ ಉಳಿದರೆ ಬಿರುಕು ಖಂಡಿತ.

ಸುಡದ ಮಣ್ಣಿಗೆ ನೀರಿನ ಬಣ್ಣ ಹಚ್ಚಿದರೆ ಮಣ್ಣೇ ಕರಗಿ ಕುಂಚಕ್ಕೆ ಬರುತ್ತದೆ. ಅದಕ್ಕೆ ತಳಬಣ್ಣ ಬೇಕು. ಹುಣಸೆಬೀಜದ ತೆಳು ಗಂಜಿಯಲ್ಲಿ ಸೀಮೆಸುಣ್ಣದ ನಯವಾದ ಪುಡಿ ಕಲಸಿದರೆ ಆಯಿತು. ಹಾಸಿನ ನೂಲಿಗೆ ಗಂಜಿ ಕೊಡುವುದನ್ನು ಕಂಡ ರಬಕವಿ-ಬನಹಟ್ಟಿಯ ನೇಕಾರ ಮನೆತನದವರಿಗೆ ಅದರ ಹದವನ್ನು ವಿವರಿಸಬೇಕಾಗಿಲ್ಲ. ಒಂದೇ ದಪ್ಪ ಪದರದ ಬದಲು ಎರಡು ತೆಳು ಪದರ ಕೊಡಬೇಕು. ಮೊದಲನೆಯದನ್ನು ಉಜ್ಜದೆ ಬೇಗಬೇಗ ಎಳೆಯಬೇಕು. ಇಲ್ಲಿ ಸೀಮೆಸುಣ್ಣದ ಬದಲು ಗೋಡೆಯ ಸುಣ್ಣ ಬಳಸುವವರು ಒಂದು ಮಾತು ನೆನಪಿಡಬೇಕು. ಹಸಿ ಸುಣ್ಣದ ಮೇಲೆ ಅರಿಷಿಣ ಬಿದ್ದರೆ ಕೆಂಪಾಗುತ್ತದೆ. ಹಳದಿ ಜೂಲ ಹೊದಿಸಲು ಹೋಗಿ ಕುಂಕುಮದ ಜೂಲ ಹೊದಿಸಿದಂತಾಗುತ್ತದೆ!

ಯಾವ ಬಣ್ಣ ಎಂಬುದು ಎತ್ತಿನ ಮುಂದಿನ ಗತಿಯನ್ನು ಅವಲಂಬಿಸಿದೆ. ನೀರಿಗೆ ಬಿಡುವ ಮೂರ್ತಿಯಾದರೆ ಕೆಮ್ಮಣ್ಣು, ಅರಿಷಿಣ, ದೀಪದ ಕಾಡಿಗೆ, ಸೀಮೆಸುಣ್ಣ ಇಷ್ಟೇ ಸಾಕು. ಅಂಟಿಗೆ ಜಾಲಿಯ ಗೋಂದು. ಪ್ಲಾಸ್ಟರ್ ಮೂರ್ತಿಗಳು ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೨೦ರ ಮಾರ್ಗಸೂಚಿಯಲ್ಲಿ ಹೇಳಿದೆ. ಕಪಾಟಿನಲ್ಲಿ ಇಟ್ಟುಕೊಳ್ಳುವ ಗೊಂಬೆಯಾದರೆ ಅಕ್ರಿಲಿಕ್ ಬಣ್ಣ ಅನುಕೂಲ; ಅರಿಷಿಣ ಬಿಸಿಲಿಗೆ ಬಹುಬೇಗ ಮಾಸುತ್ತದೆ. ಮನೆಯಲ್ಲಿ ಉಳಿದ ಹಳೆಯ ಎಣ್ಣೆಬಣ್ಣದ ಡಬ್ಬಿಯನ್ನಂತೂ ಮಕ್ಕಳಿಗೆ ಕೊಡಬಾರದು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ ೯೦ ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು ೨೦೧೭ರಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿದೆಯೋ ಹೇಳಬರುವುದಿಲ್ಲ. ಕಣ್ಣಿಗೆ ಗುಲಗಂಜಿ ಒತ್ತುವ ರೂಢಿಯಿದೆ. ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಆ ಬೀಜ ಕಡುವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಣ್ಣದ ಕಣ್ಣೇ ಲೇಸು.

ಇನ್ನು ಎತ್ತಿನ ಮೈ. ನಮ್ಮ ಭಾಗದ ಕಿಲಾರಿ ಎತ್ತನ್ನು ಬಿಳಿ ಎನ್ನುತ್ತೇವೆ. ಕೊಟ್ಟಿಗೆಗೆ ಹೋಗಿ ಒಮ್ಮೆ ನೋಡಿದರೆ ಅದು ಬಿಳಿಯಲ್ಲವೆಂದು ತಿಳಿಯುತ್ತದೆ. ಕುತ್ತಿಗೆ, ಹಿಣಿಲು, ಮುಂಗಾಲಿನ ಭಾಗ ಬೂದಿ. ಹಿಂದೊಡೆಯೂ ಒಂದಿಷ್ಟು ಗಾಢ. ನಡುಮೈ ಮಾತ್ರ ಹಾಲುಬಣ್ಣ. ಮುಖ ಉದ್ದ, ಮೂತಿಯಲ್ಲಿ ನಸುಗೆಂಪು ಮಚ್ಚೆ. ಕೋಡು ಹಿಂದಕ್ಕೆ ಬಾಗಿ ಮೇಲೇಳುತ್ತದೆ. ಸಣ್ಣ ಮೂರ್ತಿಯಲ್ಲಿ ಇದನ್ನು ತರಲು ಒಂದು ಗುಟ್ಟಿದೆ. ಮೂರಂಗುಲದ ಎತ್ತಿನ ಮೇಲೆ ಬೀಳುವ ಬೆಳಕು ದೊಡ್ಡ ಎತ್ತಿನ ಮೇಲಿನಂತೆ ನೆರಳು ಮೂಡಿಸುವುದಿಲ್ಲ. ನೆರಳನ್ನು ನಾವೇ ಬರೆಯಬೇಕು. ಮೊದಲು ಇಡೀ ಮೈಗೆ ನಸುಬೂದಿ. ಆಮೇಲೆ ಕಾಡಿಗೆಯನ್ನು ಬಹಳ ನೀರಿನಲ್ಲಿ ಕಲಸಿ ಗಂಗೆದೊಗಲಿನ ಮಡಿಕೆ, ತೊಡೆಯ ಸಂದು, ಹಿಣಿಲಿನ ಬುಡಕ್ಕೆ ಹರಿಯಬಿಟ್ಟರೆ ಅದು ತಾನಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಒಣಗಿದ ಬಳಿಕ ಕುಂಚಕ್ಕೆ ಬಿಳಿ ಹಚ್ಚಿ, ಅರಿವೆಯಲ್ಲಿ ಒರೆಸಿ, ಉಳಿದ ತುಸು ಬಣ್ಣವನ್ನು ಉಬ್ಬಿದ ಭಾಗಗಳ ಮೇಲೆ ಹಗುರಾಗಿ ಸವರಬೇಕು. ಬೆನ್ನೆಲುಬು, ಹಣೆ, ಪಕ್ಕೆ ಒಮ್ಮೆಲೇ ಎದ್ದು ಬರುತ್ತವೆ. ಅದನ್ನು ಮೊದಲ ಸಲ ಕಂಡ ಹುಡುಗನನ್ನು ಊಟಕ್ಕೆ ಎಬ್ಬಿಸುವುದು ಕಷ್ಟ.

ಕುಂಚಗಳು ಎರಡೇ ಸಾಕು: ಮೈಗೊಂದು, ಗೆರೆಗೊಂದು. ಹಿಂದೆ ಕಿರುಚಿತ್ರ ಬರೆಯುವವರು ಅಳಿಲಿನ ಬಾಲದ ಕೂದಲನ್ನು ಬಳಸುತ್ತಿದ್ದರು. ೧೯೯೭ರವರೆಗೆ ನಮ್ಮ ತಾಲ್ಲೂಕುಗಳು ಸೇರಿದ್ದ ಬಿಜಾಪುರದ್ದೇ ಒಂದು ಉಜ್ವಲ ಪರಂಪರೆ ಅದು. ಆದಿಲಶಾಹಿ ಕಾಲದಲ್ಲಿ, ೧೫೭೦ರಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಈಗ ದೂರದ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇಂದು ಅಳಿಲಿನ ಗೋಜು ಬೇಡ. ಮೊನೆ ಚೂಪಾಗಿ ಕೂಡುವ ನೈಲಾನ್ ಕುಂಚವೇ ಸಾಕು. ಕೂದಲು ತೀರ ಕಡಿಮೆಯಿರುವ ಕುಂಚ ಒಳ್ಳೆಯದೆಂಬುದು ಹೊಸಬರ ತಪ್ಪು ತಿಳಿವಳಿಕೆ. ಅಂಥದರಲ್ಲಿ ಬಣ್ಣ ನಿಲ್ಲದೆ, ಎತ್ತನ್ನು ಮುಟ್ಟುವಷ್ಟರಲ್ಲಿ ಒಣಗಿಹೋಗುತ್ತದೆ. ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಕೈ ನಡುಗುತ್ತದೆ ಎನ್ನುವವರು ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ ಮೇಜಿಗೆ ಆನಿಸಿದರೆ ಅರ್ಧ ನಡುಕ ಅಲ್ಲಿಗೇ ನಿಲ್ಲುತ್ತದೆ.

ಮೂಗುದಾರ, ಗೆಜ್ಜೆಸರ, ಕೋಡಣಸು, ಜೂಲದ ಅಂಚು ಎಲ್ಲ ಮುಗಿದ ಮೇಲೆ ಕಣ್ಣು. ದೇವರ ಮೂರ್ತಿಗೂ ಕಣ್ಣು ತೆರೆಸುವುದು ಕಡೆಗೇ. ಅದಕ್ಕೆ ಶಾಸ್ತ್ರದ ಕಾರಣವಿದೆ, ಕೆಲಸದ ಕಾರಣವೂ ಇದೆ: ಮುಂಚೆಯೇ ಬರೆದ ಕಣ್ಣು ಬೆರಳು ತಾಗಿ ಅಳಿಸುತ್ತದೆ. ಮೊದಲು ಕಪ್ಪು ಬಾದಾಮಿ, ಅದರೊಳಗೆ ಅಂಚು ಉಳಿಸಿ ಬಿಳಿ, ನಡುವೆ ಕಪ್ಪು ಬೊಟ್ಟು. ಎತ್ತಿನ ಕಣ್ಣುಗಳು ಮುಖದ ಎರಡು ಮಗ್ಗುಲಿಗಿರುವುದರಿಂದ ಒಂದನ್ನು ಬರೆಯುವಾಗ ಇನ್ನೊಂದು ಕಾಣಿಸದು. ಆಗಾಗ ಮೂರ್ತಿಯನ್ನು ಎದುರಿಗೆ ಹಿಡಿದು ಸಮ ನೋಡುತ್ತಿರಬೇಕು.

ಮಣ್ಣೆತ್ತು ಯಾವಾಗಲೂ ಜೋಡಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಣ್ಣದ ಹದ ತಪ್ಪಿ ಬೂದಿ ಒಂದು, ಬಿಳಿ ಒಂದಾಗಿ ನಿಲ್ಲುತ್ತವೆ. ಒಂದರ ಪದರ ಒಣಗುವಾಗ ಇನ್ನೊಂದಕ್ಕೆ ಅದೇ ಪದರ ಹಚ್ಚುತ್ತಾ ಬಂದರೆ ವೇಳೆಯೂ ಉಳಿಯುತ್ತದೆ, ಜೋಡಿಯೂ ಹೊಂದುತ್ತದೆ. ಎದುರಿಗಿಡುವ ಗೋದಲಿಗೆ ಬಣ್ಣ ಬೇಡ, ಮಣ್ಣಿನದಾಗಿಯೇ ಇರಲಿ.